ಹೊಡೆದರೂ ತಪ್ಪು, ನಿಂತರೂ ತಪ್ಪು!

2024ರ ಏಪ್ರಿಲ್ 26, ಶುಕ್ರವಾರ. ತುಮಕೂರಿನಲ್ಲಿ ಲೋಕಸಭೆಗೆ ಮತದಾನ. ಮುಂದಿನ ಐದು ವರ್ಷ ದೇಶ ಆಳುವವರು ಯಾರು ಎಂದು ತೀರ್ಮಾನಿಸಲು ಬಿಸಿಲಲ್ಲಿ ಸಾಲುಗಟ್ಟಿ ನಿಂತ ಮಹಾಜನರ ಬಾಯಲ್ಲಿ ಅಭ್ಯರ್ಥಿಗಳ ಹೆಸರಿಗಿಂತ ಹೆಚ್ಚಾಗಿ ಓಡಾಡುತ್ತಿದ್ದ ಹೆಸರು ಒಂದೇ. ವಿರಾಟ್ ಕೊಹ್ಲಿ!

ಹಿಂದಿನ ರಾತ್ರಿ ಹೈದರಾಬಾದಿನಲ್ಲಿ ಆರ್‌ಸಿಬಿ ಗೆದ್ದಿತ್ತು. ಸತತ ಸೋಲುಗಳ ನಂತರ, ಅಂತೂ ಇಂತೂ, 35 ರನ್‌ಗಳ ಗೆಲುವು. ಗೆದ್ದ ಮರುದಿನ ಸಿಹಿ ಹಂಚಬೇಕಾದ ಅಭಿಮಾನಿಗಳು ಜಗಳಕ್ಕೆ ನಿಂತಿದ್ದರು. ಕಾರಣ, ಕೊಹ್ಲಿ 43 ಚೆಂಡಿಗೆ 51 ರನ್ ಹೊಡೆದದ್ದು.

"ಏನ್ ಸಾರ್ ಇದು, ಟೆಸ್ಟ್ ಮ್ಯಾಚಾ? ಆ ಕಡೆ ಪಾಟಿದಾರ್ ಇಪ್ಪತ್ತು ಬಾಲಿಗೆ ಐವತ್ತು ಹೊಡ್ದ. ಈವಯ್ಯ ಸಿಂಗಲ್ ತಗೊಂಡು ಓಡಾಡ್ತಿದ್ದ."

"ಅವನು ಒಂದು ಕಡೆ ನಿಂತಿದ್ದಕ್ಕೇ ಇವನು ಹೊಡ್ದಿದ್ದು ಸ್ವಾಮಿ. ಇಬ್ರೂ ಹೊಡೆಯಕ್ಕೋಗಿ ಔಟಾಗಿದ್ರೆ ನೀವೇ ಬಯ್ಯೋರು."

ಹಿಂದೆ ನಿಂತಿದ್ದ ಹಿರಿಯರೊಬ್ಬರು ಕೇಳಿದರಂತೆ: "ಅಲ್ರಪ್ಪಾ, ಗೆದ್ರೋ ಸೋತ್ರೋ?" ಗೆದ್ದೆವು ಎಂದರು ಇಬ್ಬರೂ. "ಗೆದ್ದ ಮೇಲೆ ಮತ್ಯಾಕೆ ಜಗಳ?" ಅದಕ್ಕೆ ಇಬ್ಬರ ಬಳಿಯೂ ಉತ್ತರವಿರಲಿಲ್ಲ.

ಉತ್ತರ ಇದೆ. ಹುಡುಕುವ ವ್ಯವಧಾನ ಬೇಕು, ಅಷ್ಟೆ.

ಎರಡು ಪಕ್ಷ, ಒಂದೇ ಬಸ್ಸು

ಐಪಿಎಲ್ ನಡೆಯುವ ಎರಡು ತಿಂಗಳು ತುಮಕೂರಿನಿಂದ ಮೆಜೆಸ್ಟಿಕ್ಕಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಿದ್ದೆ ಮಾಡುವವರಿಗೆ ಸುಖವಿಲ್ಲ. ಕ್ಯಾತ್ಸಂದ್ರ ಬರುವುದರೊಳಗೆ ಹಿಂದಿನ ರಾತ್ರಿಯ ಇಪ್ಪತ್ತು ಓವರು ಮತ್ತೆ ಆಡಿ ಮುಗಿದಿರುತ್ತದೆ. ಡಾಬಸ್‌ಪೇಟೆಯಲ್ಲಿ ತಂಡದಿಂದ ಇಬ್ಬರನ್ನು ಕಿತ್ತು ಹಾಕಿರುತ್ತಾರೆ. ನೆಲಮಂಗಲದ ಹೊತ್ತಿಗೆ ಹೊಸ ಕ್ಯಾಪ್ಟನ್ ನೇಮಕ!

ಈ ಪಂಚಾಯಿತಿಯಲ್ಲಿ ಎರಡು ಪಕ್ಷ. ಒಂದು, 'ಹೊಡಿ' ಪಕ್ಷ. ಇವರ ವಾದ ಸರಳ. ಆಟ ಇರುವುದೇ 120 ಚೆಂಡಿನದು. ಒಂದು ಚೆಂಡು ಸುಮ್ಮನೆ ಹೋದರೆ ಒಂದು ಗಿರಾಕಿ ಖಾಲಿ ಕೈಯಲ್ಲಿ ಅಂಗಡಿಯಿಂದ ವಾಪಸ್ ಹೋದ ಹಾಗೆ. ಎರಡನೆಯದು, 'ನಿಲ್ಲು' ಪಕ್ಷ. ಒಬ್ಬ ಕೊನೆತನಕ ನಿಂತರೆ ಉಳಿದವರು ಧೈರ್ಯವಾಗಿ ಬೀಸಬಹುದು ಅನ್ನುವುದು ಇವರ ಸಿದ್ಧಾಂತ. ಕಂಬವಿಲ್ಲದೆ ಚಪ್ಪರ ನಿಲ್ಲುತ್ತದೆಯೇ?

ಎರಡೂ ಪಕ್ಷದವರು ಬುದ್ಧಿವಂತರೇ. ಎರಡೂ ಪಕ್ಷದ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಮಾಡುವ ತಪ್ಪು ಒಂದೇ. ಯಾವ ಹೊಡೆತ ಸರಿ, ಯಾವುದು ತಪ್ಪು ಅನ್ನುವುದನ್ನು ಹೊಡೆದವನ ಮುಖ ನೋಡಿ ತೀರ್ಮಾನಿಸುತ್ತಾರೆ. ಆ ಹೊತ್ತಿನಲ್ಲಿ ಅವನಿಗೆ ವಹಿಸಿದ್ದ ಕೆಲಸ ಏನು ಅಂತ ಕೇಳುವುದಿಲ್ಲ.

ಅದೇ ಬಸ್ಸಿನ ಡ್ರೈವರನ್ನೇ ನೋಡಿ. ನೆಲಮಂಗಲದ ತನಕ ಹೆದ್ದಾರಿಯಲ್ಲಿ ಬಿಟ್ಟ ಬಾಣದಂತೆ ಓಡಿಸುತ್ತಾನೆ. ದಾಸರಹಳ್ಳಿ, ಯಶವಂತಪುರ ಬಂತೆಂದರೆ ಎರಡನೇ ಗೇರಿಗೆ ಇಳಿಯುತ್ತಾನೆ. ಆಗ ಯಾರಾದರೂ ಎದ್ದು ನಿಂತು, "ಇವನ ಸ್ಟ್ರೈಕ್ ರೇಟ್ ಬಿದ್ದುಹೋಯ್ತು, ಕಿತ್ತಾಕಿ" ಅನ್ನುತ್ತಾರೆಯೇ? ರಸ್ತೆ ನೋಡಿ ಗೇರು ಹಾಕಬೇಕು ಅನ್ನುವುದು ಪ್ರಯಾಣಿಕರೆಲ್ಲರಿಗೂ ಗೊತ್ತು. ಆದರೆ ಕ್ರಿಕೆಟ್ಟಿನ ವಿಷಯ ಬಂದಾಗ ಮಾತ್ರ ಈ ಜ್ಞಾನ ಸೀಟಿನ ಕೆಳಗೆ ಸೇರಿಬಿಡುತ್ತದೆ.

ಹಾಗಂತ ಡ್ರೈವರ್ ಮಾಡಿದ್ದೆಲ್ಲ ಸರಿ ಎಂದೂ ಅಲ್ಲ. ರಸ್ತೆ ಖಾಲಿ ಇದ್ದಾಗಲೂ ಎರಡನೇ ಗೇರಿನಲ್ಲೇ ಹೋದರೆ ಕೇಳಲೇಬೇಕು. ಕೇಳುವ ಹಕ್ಕು ಟಿಕೆಟ್ ತೆಗೆದುಕೊಂಡವನಿಗೆ ಇದೆ.

ಅದೇ 67 ಚೆಂಡು

ಈ ಜಗಳ ಇಂದು ನಿನ್ನೆಯದಲ್ಲ. ಆರ್‌ಸಿಬಿ ಹುಟ್ಟಿದ ದಿನದಿಂದಲೇ ಅಂಟಿಕೊಂಡದ್ದು. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತಾದ ಬ್ರೆಂಡನ್ ಮೆಕಲಮ್ 73 ಚೆಂಡಿಗೆ 158 ಚಚ್ಚಿದರು. ಬೆಂಗಳೂರು 82ಕ್ಕೆ ಆಲೌಟ್. ಎರಡಂಕಿ ಮುಟ್ಟಿದ ಬ್ಯಾಟ್ಸ್‌ಮನ್ ಒಬ್ಬರೇ, ಅವರೂ ಬೌಲರ್ ಪ್ರವೀಣ್ ಕುಮಾರ್. ರಾಹುಲ್ ದ್ರಾವಿಡ್ ನಾಯಕರು, ಜೊತೆಗೆ ಕ್ಯಾಲಿಸ್, ಜಾಫರ್. "ಇದು ಟೆಸ್ಟ್ ತಂಡ ಕಣ್ರೀ, ಇವ್ರು ನಿಲ್ತಾರೆ, ಹೊಡಿಯಲ್ಲ" ಎಂದು ಜನ ಆಡಿಕೊಂಡರು. ಆ ವರ್ಷ ಎಂಟು ತಂಡಗಳಲ್ಲಿ ಏಳನೇ ಸ್ಥಾನ.

ಸರಿ, ಹೊಡೆಯುವವರು ಬೇಕು ಎಂದಾಯಿತು. ಹೊಡೆಯುವವರೇ ಬಂದರು. ಕ್ರಿಸ್ ಗೇಲ್ ಬಂದರು, ಡಿವಿಲಿಯರ್ಸ್ ಬಂದರು. 2013ರಲ್ಲಿ ಗೇಲ್ ಪುಣೆ ವಿರುದ್ಧ 66 ಚೆಂಡಿಗೆ 175 ಬಾರಿಸಿದಾಗ ಚಿನ್ನಸ್ವಾಮಿಯ ಛಾವಣಿಯೇ ಹಾರಿಹೋದಂತಾಗಿತ್ತು. ಕಪ್ ಬಂತೇ? ಇಲ್ಲ. 2017ರಲ್ಲಿ ಅದೇ ಘಟಾನುಘಟಿಗಳು ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಗಂಟುಮೂಟೆ ಕಟ್ಟಿದರು. ಒಬ್ಬನೇ ಒಬ್ಬ ಹತ್ತು ರನ್ ಮುಟ್ಟಲಿಲ್ಲ. "ಒಬ್ನಾದ್ರೂ ನಿಲ್ಬಾರ್ದಿತ್ತಾ?" ಎಂದು ಕೇಳಿದವರು ಯಾರು? 2008ರಲ್ಲಿ "ಯಾಕ್ ನಿಲ್ತಾರೆ" ಎಂದು ಬೈದವರೇ!

ಇನ್ನೂ ಸ್ವಾರಸ್ಯದ ಸಂಗತಿ ಒಂದಿದೆ. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಐಪಿಎಲ್ ನಡೆದಾಗ ಕರ್ನಾಟಕದ ಮನೀಶ್ ಪಾಂಡೆ ಡೆಕ್ಕನ್ ಚಾರ್ಜರ್ಸ್ ವಿರುದ್ಧ ಶತಕ ಹೊಡೆದರು. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ. ನೂರು ಮುಟ್ಟಲು ಬೇಕಾದ ಚೆಂಡು 67. ಆರ್‌ಸಿಬಿ 12 ರನ್‌ಗಳಿಂದ ಗೆದ್ದಿತು. ಹುಡುಗನನ್ನು ಜನ ತಲೆ ಮೇಲೆ ಹೊತ್ತರು.

ಹದಿನೈದು ವರ್ಷದ ಮೇಲೆ, 2024ರ ಏಪ್ರಿಲ್ 6ರಂದು ಜೈಪುರದಲ್ಲಿ ಕೊಹ್ಲಿಯೂ ಶತಕ ಹೊಡೆದರು. ಲೆಕ್ಕ ನೋಡಿ, ಅವರಿಗೂ ನೂರು ಮುಟ್ಟಲು ಬೇಕಾದದ್ದು ಅದೇ 67 ಚೆಂಡು. ಒಟ್ಟು 72 ಚೆಂಡಿಗೆ ಔಟಾಗದೆ 113. ಆ ಕಡೆಯಿಂದ ಜೋಸ್ ಬಟ್ಲರ್ 58 ಚೆಂಡಿಗೆ ಔಟಾಗದೆ 100 ಹೊಡೆದು ರಾಜಸ್ಥಾನವನ್ನು ಗೆಲ್ಲಿಸಿದರು. ಐದು ಚೆಂಡು ಇನ್ನೂ ಬಾಕಿ! ಮರುದಿನ ಕೊಹ್ಲಿಗೆ ಸಿಕ್ಕಿದ್ದು ಹಾರವಲ್ಲ, ಬೈಗುಳ.

ಒಂದೇ 67 ಚೆಂಡು. 2009ರಲ್ಲಿ ಪರಾಕ್ರಮ, 2024ರಲ್ಲಿ ಅಪರಾಧ. ಇದು ಜನರ ಹುಚ್ಚಾಟವೇ? ಪೂರ್ತಿ ಅಲ್ಲ. ಹದಿನೈದು ವರ್ಷದಲ್ಲಿ ಆಟವೇ ಬದಲಾಗಿದೆ. 2009ರಲ್ಲಿ 170 ಹೊಡೆದರೆ ಎದುರಾಳಿ ಬೆವರುತ್ತಿದ್ದ. 2024ರಲ್ಲಿ ಅದೇ ಆರ್‌ಸಿಬಿಯ ಮೇಲೆ ಹೈದರಾಬಾದ್ 287 ಹೊಡೆಯಿತು. ಅದೂ ಚಿನ್ನಸ್ವಾಮಿಯಲ್ಲೇ. ಮಾರುಕಟ್ಟೆಯ ದರ ಏರಿದಾಗ ಹಳೇ ದರದಲ್ಲಿ ವ್ಯಾಪಾರ ಮಾಡುತ್ತೇನೆ ಎಂದರೆ ಅಂಗಡಿ ನಡೆಯದು. ಕೊಹ್ಲಿಗೂ ಇದು ಗೊತ್ತು. 2022ರಲ್ಲಿ ನೂರು ಚೆಂಡಿಗೆ 116ರ ಸಮೀಪ ಇದ್ದ ಅವರ ವೇಗ 2024ರಲ್ಲಿ 154 ದಾಟಿತು. ನಾಲ್ಕು ಶತಕ ಹೊಡೆದು 973 ರನ್ ಪೇರಿಸಿದ 2016ರ ಆ ಮಹಾ ವರ್ಷದಲ್ಲೂ ವೇಗ 152 ಮಾತ್ರ. ಅಂದರೆ ಮುದುಕ ಎಂದು ಬೈಸಿಕೊಂಡ ಮನುಷ್ಯ ತನ್ನ ಪ್ರಾಯದ ದಿನಗಳಿಗಿಂತ ಜೋರಾಗಿ ಆಡಿದ್ದ.

ಸಂಜೆಯ ಸೊಪ್ಪು

ಹಾಗಾದರೆ ಜೈಪುರದಲ್ಲಿ ತಪ್ಪು ಯಾರದು? ಇಲ್ಲಿ ಅಂಗಡಿಯವರ ಬುದ್ಧಿ ಬೇಕಾಗುತ್ತದೆ.

ಸೊಪ್ಪು ಮಾರುವ ಅಜ್ಜಿಯನ್ನು ಕೇಳಿ. ಬೆಳಿಗ್ಗೆ ಏಳಕ್ಕೆ ಅವಳು ಕಟ್ಟಿಗೆ ಒಂದು ರೂಪಾಯಿಯೂ ಬಿಡುವುದಿಲ್ಲ. ಸಂಜೆ ಏಳಕ್ಕೆ ಅದೇ ಕಟ್ಟನ್ನು ಅರ್ಧ ಬೆಲೆಗೆ ಕೊಟ್ಟು ಬುಟ್ಟಿ ಖಾಲಿ ಮಾಡುತ್ತಾಳೆ. ಯಾಕೆ? ನಾಳೆಗೆ ಆ ಸೊಪ್ಪು ದನಕ್ಕೆ. ಇಪ್ಪತ್ತು ಓವರಿನ ಆಟದಲ್ಲಿ ವಿಕೆಟ್ಟೂ ಸೊಪ್ಪೇ. ಆಟ ಮುಗಿದಾಗ ಕೈಯಲ್ಲಿ ಉಳಿದ ವಿಕೆಟ್ಟನ್ನು ಯಾರೂ ಕೊಳ್ಳುವುದಿಲ್ಲ. ಹಾಗೆಯೇ ಬೆಳಿಗ್ಗೆಯೇ ಅರ್ಧ ಬೆಲೆಗೆ ಮಾರಿ ಬುಟ್ಟಿ ಬರಿದು ಮಾಡಿಕೊಂಡರೆ ಮಧ್ಯಾಹ್ನಕ್ಕೆ ಮಾರಲು ಏನೂ ಇರುವುದಿಲ್ಲ.

ಹೊಡೆತ ಸರಿಯೋ ತಪ್ಪೋ ಎಂದು ಅಳೆಯಲು ಮೂರು ಪ್ರಶ್ನೆ ಸಾಕು. ಚೆಂಡು ಎಷ್ಟು ಬಾಕಿ? ವಿಕೆಟ್ ಎಷ್ಟು ಬಾಕಿ? ಹಿಂದೆ ಪ್ಯಾಡು ಕಟ್ಟಿ ಕೂತವರು ಯಾರು?

ಜೈಪುರಕ್ಕೆ ಈ ಅಳತೆ ಹಿಡಿಯಿರಿ. ಆರ್‌ಸಿಬಿ ಗಳಿಸಿದ್ದು 3 ವಿಕೆಟ್ಟಿಗೆ 183. ಏಳು ವಿಕೆಟ್ ಬುಟ್ಟಿಯಲ್ಲೇ ಬಾಡಿಹೋದವು. ಹಿಂದೆ ಕೂತವರಲ್ಲಿ ದಿನೇಶ್ ಕಾರ್ತಿಕ್ ಒಬ್ಬರು. ಆ ವರ್ಷ ನೂರು ಚೆಂಡಿಗೆ 187ರ ವೇಗದಲ್ಲಿ ರನ್ ಗಳಿಸಿದವರು, ಹೈದರಾಬಾದಿನ ಆ 287ರ ಎದುರು 35 ಚೆಂಡಿಗೆ 83 ಹೊಡೆದವರು. ಅವರಿಗೆ ಜೈಪುರದಲ್ಲಿ ಒಂದು ಚೆಂಡೂ ಸಿಗಲಿಲ್ಲ. ಇಲ್ಲಿ 'ಹೊಡಿ' ಪಕ್ಷದವರ ದೂರು ನ್ಯಾಯವಾದದ್ದು. ಎಷ್ಟೇ ದೊಡ್ಡ ಹೆಸರಾದರೂ ಹೇಳಬೇಕಾದ್ದು ಹೇಳಲೇಬೇಕು. ಆದರೆ ತಪ್ಪು ಒಬ್ಬನದೇ ಅಲ್ಲ. 'ಇನ್ನು ಬೀಸು, ಹಿಂದೆ ನಾವಿದ್ದೇವೆ' ಎಂದು ಹೇಳಿ ಕಳಿಸಬೇಕಾದವರು ತಂಡ ನಡೆಸುವವರು.

ಅದೇ ಅಳತೆಯನ್ನು ಹೈದರಾಬಾದಿಗೆ ಹಿಡಿದರೆ ಉತ್ತರ ಅಷ್ಟು ಸುಲಭವಲ್ಲ. ಕೊಹ್ಲಿ ಆರು ಓವರ್ ಮುಗಿದ ಮೇಲೆ ಒಂದು ಬೌಂಡರಿಯನ್ನೂ ಹೊಡೆಯಲಿಲ್ಲ, ನಿಜ. ಸುನಿಲ್ ಗಾವಸ್ಕರ್ ಕಾಮೆಂಟರಿಯಲ್ಲೇ ಟೀಕಿಸಿದರು. ಅದೇ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಪಾಟಿದಾರ್ ಸಿಡಿಯುತ್ತಿದ್ದರು. ಸಿಡಿಯುವವನಿಗೆ ಸಿಂಗಲ್ ಕೊಟ್ಟು ಸ್ಟ್ರೈಕ್ ದಾಟಿಸುವುದೂ ಒಂದು ಕೆಲಸ. ಮೂರು ದಿನದ ಮೇಲೆ ಅಹಮದಾಬಾದಿನಲ್ಲಿ ಗುಜರಾತ್ ವಿರುದ್ಧ ಇದೇ ಕೆಲಸ ಹಣ್ಣು ಕೊಟ್ಟಿತು. ಕೊಹ್ಲಿ 44 ಚೆಂಡಿಗೆ ಔಟಾಗದೆ 70, ವಿಲ್ ಜಾಕ್ಸ್ 41 ಚೆಂಡಿಗೆ 100. ಜಾಕ್ಸ್ ಐವತ್ತರಿಂದ ನೂರಕ್ಕೆ ಹೋಗಲು ತೆಗೆದುಕೊಂಡದ್ದು ಹತ್ತೇ ಚೆಂಡು! 201ರ ಗುರಿಯನ್ನು 16 ಓವರಿನಲ್ಲಿ ಮುಟ್ಟಿದರು. ಬಾಕ್ಸಿನಲ್ಲಿ ಕೂತು ಮಾತಾಡುವುದೇ ಬೇರೆ, ನಡುವೆ ನಿಂತು ಆಡುವುದೇ ಬೇರೆ ಎಂಬ ಅರ್ಥದಲ್ಲಿ ಕೊಹ್ಲಿ ಅಂದು ಟೀಕಾಕಾರರಿಗೆ ಉತ್ತರಿಸಿದರು. ಮೊದಲ ಎಂಟರಲ್ಲಿ ಏಳು ಸೋತಿದ್ದ ತಂಡ, ಹೈದರಾಬಾದಿನಿಂದ ಶುರುಮಾಡಿ ಸತತ ಆರು ಗೆದ್ದು ಪ್ಲೇ-ಆಫ್ ಸೇರಿತು.

ನಿಲ್ಲುವುದೇ ಗೆಲ್ಲುವುದು ಅನ್ನುವ ದಿನವೂ ಇರುತ್ತದೆ. ಆರ್‌ಸಿಬಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು, ಇದನ್ನು ಬಸ್ಸಿನ ಪಂಡಿತರು ಅನುಕೂಲವಾಗಿ ಮರೆಯುತ್ತಾರೆ. 2024ರ ಮಾರ್ಚ್ 17, ದೆಹಲಿಯಲ್ಲಿ ಮಹಿಳಾ ಲೀಗಿನ ಫೈನಲ್. ಕರ್ನಾಟಕದ ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು 4 ವಿಕೆಟ್ ಕಿತ್ತರು, ದೆಹಲಿ 113ಕ್ಕೆ ಮುಗಿಯಿತು. ಬೇಕಾದ್ದು 114. ಎಲಿಸ್ ಪೆರ್ರಿ 37 ಚೆಂಡಿಗೆ 35. ಸ್ಮೃತಿ ಮಂಧಾನ 39 ಚೆಂಡಿಗೆ 31. ಗೆದ್ದದ್ದು ಕೊನೇ ಓವರಿನಲ್ಲಿ, ಮೂರು ಚೆಂಡು ಬಾಕಿ ಇರುವಾಗ. ಒಬ್ಬರಾದರೂ "ನಿಧಾನ ಆಯ್ತು" ಎಂದರೇ? ಗುರಿ ಸಣ್ಣದು, ಅವಸರ ಬೇಡ, ಕೆಲಸ ಮುಗಿಸಿ ಬನ್ನಿ. ಮುಗಿಸಿ ಬಂದರು. ಕಪ್ ಬಂತು.

ನಮ್ಮ ಹುಡುಗ ಎಲ್ಲಿ?

ಎರಡನೇ ಜಗಳ ಊರಿನ ಹುಡುಗರದು. 2025ರ ತಂಡಕ್ಕೆ ಆಟಗಾರರ ಹರಾಜು ನಡೆದಾಗ ಕೆ.ಎಲ್. ರಾಹುಲ್ ಬೆಂಗಳೂರಿಗೆ ಬರುತ್ತಾರೆಂದು ಎಲ್ಲರ ನಿರೀಕ್ಷೆ. 14 ಕೋಟಿಗೆ ದೆಹಲಿಗೆ ಹೋದರು. "ಮನೆ ಮಗನ್ನ ಬಿಟ್ಟು ಯಾರ್ಯಾರ್ನೋ ತಂದ್ರು" ಎಂದು ಬೈಗುಳದ ಮಳೆ. ಬೈದವರ ಹೊಟ್ಟೆಗೆ ಹಾಲು ಹೊಯ್ದಂತೆ, 2025ರ ಏಪ್ರಿಲ್ 10ರಂದು ಅದೇ ರಾಹುಲ್ ಚಿನ್ನಸ್ವಾಮಿಗೆ ಬಂದು 53 ಚೆಂಡಿಗೆ ಔಟಾಗದೆ 93 ಹೊಡೆದು, ದೆಹಲಿಯನ್ನು ಗೆಲ್ಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಗೀಚಿ 'ಇದು ನನ್ನ ಜಾಗ' ಎಂದು ತೋರಿಸಿದರು. 'ಕಾಂತಾರ' ಸಿನಿಮಾದ ಭಂಗಿ! ಆ ರಾತ್ರಿ ತುಮಕೂರಿನ ಆರ್‌ಸಿಬಿ ಭಕ್ತರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ರಾಹುಲ್ ದೊಡ್ಡ ಆಟಗಾರ, ಅನುಮಾನವಿಲ್ಲ. ಆದರೆ ಮದುವೆ ಮನೆಗೆ ಅಡುಗೆಯವರು ಬೇಕಾದಾಗ ನೆಂಟ ಎಂಬ ಕಾರಣಕ್ಕೆ ಓಲಗದವನನ್ನು ಕರೆದು ಒಲೆ ಮುಂದೆ ಕೂರಿಸಲಾಗುತ್ತದೆಯೇ? ಇನಿಂಗ್ಸ್ ಕಟ್ಟುವವರು ತಂಡದಲ್ಲಿ ಮೊದಲೇ ಇದ್ದರು. ಕೊನೆಯಲ್ಲಿ ಬೀಸುವವರು, ನಡುವೆ ಬಿಗಿಯಾಗಿ ಬೌಲ್ ಮಾಡುವವರು, ಹೊಸ ಚೆಂಡು ಹಿಡಿಯುವವರು ಇಲ್ಲದೆ ಹದಿನೇಳು ವರ್ಷ ಕಳೆದಿತ್ತು. 2016ರ ಫೈನಲ್ ಯಾರಿಗೆ ನೆನಪಿಲ್ಲ? 209 ಬೇಕಿತ್ತು. ಗೇಲ್ 38 ಚೆಂಡಿಗೆ 76, ಕೊಹ್ಲಿ 35 ಚೆಂಡಿಗೆ 54. ವಿಕೆಟ್ ಬೀಳದೆ 10.3 ಓವರಿಗೆ 114. ಆದರೂ 8 ರನ್‌ಗಳ ಸೋಲು. ಆಗಲೂ ಬೈಗುಳ ತಿಂದದ್ದು ಔಟಾದ ಬ್ಯಾಟ್ಸ್‌ಮನ್‌ಗಳ ಹೊಡೆತ. ಆದರೆ ಹೈದರಾಬಾದ್ 208 ಮುಟ್ಟಿದ್ದು ಹೇಗೆ? ಕೊನೇ ಓವರಿನಲ್ಲಿ ಕೊಟ್ಟ 24 ರನ್! ಗಲ್ಲಾಪೆಟ್ಟಿಗೆಯ ತಳದಲ್ಲಿ ತೂತಿದ್ದರೆ ಮೇಲಿಂದ ಎಷ್ಟು ಹಾಕಿದರೇನು?

2025ರಲ್ಲಿ ಆ ತೂತು ಮುಚ್ಚಿದರು. ಭುವನೇಶ್ವರ್ ಕುಮಾರ್, ಹೇಜಲ್‌ವುಡ್ ಬಂದರು. 5.75 ಕೋಟಿಗೆ ಕೃಣಾಲ್ ಪಾಂಡ್ಯ ಬಂದರು. "ಇವನ್ಯಾಕೆ?" ಎಂದು ಮೂಗು ಮುರಿದವರೇ ಹೆಚ್ಚು. ಉತ್ತರ ಏಪ್ರಿಲ್ 27ರಂದು ದೆಹಲಿಯಲ್ಲಿ ಸಿಕ್ಕಿತು. 163ರ ಗುರಿ ಬೆನ್ನಟ್ಟಿ 26ಕ್ಕೆ ಮೂರು ವಿಕೆಟ್ ಹೋದಾಗ ಕೊಹ್ಲಿ, ಕೃಣಾಲ್ 119 ರನ್ ಸೇರಿಸಿದರು. ಕೃಣಾಲ್ 47 ಚೆಂಡಿಗೆ 73. ಕೊಹ್ಲಿ ಎಷ್ಟು? ಅದೇ 47 ಚೆಂಡಿಗೆ 51! ಹಿಂದಿನ ವರ್ಷ 43 ಚೆಂಡಿಗೆ 51 ಹೊಡೆದು ಬೈಸಿಕೊಂಡವರು ಈ ಸಲ ಇನ್ನೂ ನಾಲ್ಕು ಚೆಂಡು ಹೆಚ್ಚು ತಿಂದರು. ಬಸ್ಸಿನಲ್ಲಿ ಮರುದಿನ ಜಯಘೋಷ. ಬುಟ್ಟಿ ಬರಿದಾಗುತ್ತಿದ್ದಾಗ ಬೆಲೆ ಬಿಡದೆ ಕೂತದ್ದು ಸರಿಯಾಗಿತ್ತು. ಆಮೇಲೆ ಟಿಮ್ ಡೇವಿಡ್ ಬಂದು 5 ಚೆಂಡಿಗೆ 19 ಬಾರಿಸಿ ಬಾಗಿಲು ಹಾಕಿದರು.

ಆಮೇಲೆ ಜೂನ್ 3, ಅಹಮದಾಬಾದ್, ಫೈನಲ್. ಕೊಹ್ಲಿ 35 ಚೆಂಡಿಗೆ 43, ಮೂರೇ ಬೌಂಡರಿ. ಮೊದಲ ಇನಿಂಗ್ಸ್ ಮುಗಿದಾಗ ತುಮಕೂರಿನ ಅರ್ಧ ಊರು 'ಇವನಿಂದಲೇ ಸೋತ್ವಿ' ಎಂದು ತೀರ್ಪು ಕೊಟ್ಟಾಗಿತ್ತು. ಆದರೆ ಸ್ಕೋರು ಹಲಗೆ ನೋಡಿ: 9 ವಿಕೆಟ್ಟಿಗೆ 190. ಯಾರೊಬ್ಬರೂ ಐವತ್ತು ಹೊಡೆಯಲಿಲ್ಲ. ಪಾಟಿದಾರ್ 16 ಚೆಂಡಿಗೆ 26, ಲಿವಿಂಗ್‌ಸ್ಟನ್ 15 ಚೆಂಡಿಗೆ 25, ಜಿತೇಶ್ ಶರ್ಮಾ 10 ಚೆಂಡಿಗೆ 24. ಬಂದವರೆಲ್ಲ ತಮ್ಮ ಪಾಲಿನ ಕಟ್ಟು ಮಾರಿ ಬುಟ್ಟಿ ಖಾಲಿ ಮಾಡಿ ಹೋದರು. ಆಮೇಲೆ ಕೃಣಾಲ್ ನಾಲ್ಕು ಓವರಿನಲ್ಲಿ 17 ರನ್ ಕೊಟ್ಟು 2 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. ಪಂಜಾಬ್ 184. ಗೆಲುವು 6 ರನ್‌ಗಳಿಂದ. 2009ರ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಆರ್‌ಸಿಬಿ ಸೋತದ್ದು ಎಷ್ಟರಿಂದ? ಅದೇ 6 ರನ್‌ಗಳಿಂದ.

ಒಬ್ಬನೇ 113 ಹೊಡೆದು 3 ವಿಕೆಟ್ಟಿಗೆ 183 ಆದ ದಿನ ಸೋಲು. ಯಾರೂ ಐವತ್ತು ಮುಟ್ಟದೆ 9 ವಿಕೆಟ್ಟಿಗೆ 190 ಆದ ದಿನ ಕಪ್ಪು. ಬಸ್ಸಿನ ಪಂಚಾಯಿತಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ದುಡ್ಡಿನ ಕಣ್ಣು

ಆದರೂ ಜಗಳ ನಿಲ್ಲುವುದಿಲ್ಲ. ಅದಕ್ಕೆ ಇನ್ನೊಂದು ಕಾರಣವಿದೆ, ಯಾರೂ ಬಾಯಿಬಿಟ್ಟು ಹೇಳದ ಕಾರಣ. ದುಡ್ಡು!

ಸಿಂಗಲ್ ತೆಗೆದುಕೊಂಡವನ ಮೇಲೆ ಹಲ್ಲು ಕಡಿಯುವ ಎಲ್ಲರೂ ಆಟದ ಪ್ರೇಮಿಗಳಲ್ಲ. ಕೆಲವರು ಮೊಬೈಲಿನಲ್ಲಿ ತಮ್ಮದೇ ಹನ್ನೊಂದು ಮಂದಿಯ ತಂಡ ಕಟ್ಟಿ, ಅದರ ಮೇಲೆ ಹಣ ಕಟ್ಟಿದವರು. ಇನ್ನು ಕೆಲವರು ಬುಕ್ಕಿಗಳಿಗೆ ಗುಟ್ಟಾಗಿ ಕೊಟ್ಟವರು. ಅವರಿಗೆ ತಂಡ ಗೆದ್ದರೂ ಒಂದೇ, ಸೋತರೂ ಒಂದೇ. ತಾವು ಹಿಡಿದ ಆಟಗಾರ ಸಿಕ್ಸರ್ ಹೊಡೆಯಬೇಕು, ಅಷ್ಟೆ. ಆ ಕಣ್ಣಿಗೆ ಪೆರ್ರಿಯ 37 ಚೆಂಡಿನ 35 ಕಾಣುವುದೇ ಇಲ್ಲ. ಸ್ಟ್ರೈಕ್ ದಾಟಿಸಿದ ಸಿಂಗಲ್ ಕಾಣುವುದಿಲ್ಲ. 2025ರ ಆಗಸ್ಟ್‌ನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು ಕಾನೂನು ಮಾಡಿತು. ಒಳ್ಳೆಯದೇ. ಆದರೆ ಕಾನೂನು ಆಪ್ ಮುಚ್ಚಿಸಬಹುದು, ಚಟ ಬಿಡಿಸಲಾರದು. ಅಂಗಡಿಯ ಗಲ್ಲಾದಲ್ಲಿ ಮಗನನ್ನು ಕೂರಿಸಿ ಊಟಕ್ಕೆ ಹೋಗುವ ಯಜಮಾನರು, ಪಂದ್ಯದ ರಾತ್ರಿ ಮಗನ ಮುಖ ಯಾಕೆ ಬಾಡಿದೆ ಎಂದು ಒಮ್ಮೆ ವಿಚಾರಿಸಿದರೆ ನಷ್ಟವಿಲ್ಲ.

ಮೈದಾನದ ಹುಡುಗರು

ಈ ಬೈಗುಳಗಳಿಂದ ಕೊಹ್ಲಿಗೆ ಆಗುವುದು ಏನೂ ಇಲ್ಲ. ತುಮಕೂರಿನ ಬಸ್ಸಿನಲ್ಲಿ ಬೈದದ್ದು ಅವರ ಕಿವಿಗೆ ಮುಟ್ಟುವುದಿಲ್ಲ. ಮುಟ್ಟುವುದು ಯಾರ ಕಿವಿಗೆ? ಪಕ್ಕದ ಸೀಟಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತ ಹದಿಮೂರು ವರ್ಷದ ಹುಡುಗನಿಗೆ.

ಭಾನುವಾರ ಜೂನಿಯರ್ ಕಾಲೇಜು ಮೈದಾನದ ಕಡೆ ಹೋಗಿ ನೋಡಿ. ಹನ್ನೊಂದು ಹುಡುಗರಿದ್ದರೆ ಹನ್ನೊಂದೂ ಮಂದಿಗೆ ಬ್ಯಾಟೇ ಬೇಕು. ಬಂದ ಮೊದಲ ಚೆಂಡಿಗೇ ಕಣ್ಣು ಮುಚ್ಚಿ ಬೀಸುತ್ತಾರೆ. ಔಟಾದರೆ ಅವಮಾನವಿಲ್ಲ, ಸಿಂಗಲ್ ತೆಗೆದರೆ ಅವಮಾನ. "ಲೋ, ಏನೋ ಟೆಸ್ಟ್ ಆಡ್ತಿದೀಯ?" ಎಂದು ಗೇಲಿ. ಬೌಲಿಂಗ್ ಮಾಡು ಎಂದರೆ ಮುಖ ಸಿಂಡರಿಸುತ್ತಾರೆ, ಬೌಂಡರಿ ಗೆರೆಯಲ್ಲಿ ನಿಲ್ಲು ಎಂದರೆ ಮನೆಗೆ ಹೊರಡುತ್ತಾರೆ. ಇವರಿಗೆ ಇದನ್ನು ಕಲಿಸಿದವರು ಯಾರು? ಟಿವಿಯ ಮುಂದೆ ಕೂತು ಸಿಕ್ಸರ್‌ಗೆ ಮಾತ್ರ ಚಪ್ಪಾಳೆ ಹೊಡೆಯುವ ಹಿರಿಯರು. ನಾಲ್ಕು ಓವರಿಗೆ 17 ಕೊಟ್ಟವನ ಹೆಸರು ಮನೆಯಲ್ಲಿ ಒಮ್ಮೆಯೂ ಕೇಳದ ಹುಡುಗ ಬೌಲರ್ ಆಗುವುದು ಹೇಗೆ? ದ್ರಾವಿಡ್‌, ಕುಂಬ್ಳೆಯವರನ್ನು ಕೊಟ್ಟ ನಾಡು ಇದು. ಒಬ್ಬರು ನಿಂತು ದೊಡ್ಡವರಾದರು, ಇನ್ನೊಬ್ಬರು ಬೌಲ್ ಮಾಡಿ ದೊಡ್ಡವರಾದರು. ಇಬ್ಬರೂ ಬೀಸಿ ದೊಡ್ಡವರಾದವರಲ್ಲ.

ಮಂಡಿಪೇಟೆಯ ಅಂಗಡಿಗೆ ಈ ಮಾತು ಹೊಸದಲ್ಲ. ಅಲ್ಲಿ ತಕ್ಕಡಿ ಹಿಡಿಯುವವನು ಬೇರೆ, ಲೆಕ್ಕ ಬರೆಯುವ ಗುಮಾಸ್ತ ಬೇರೆ, ಮೂಟೆ ಹೊರುವ ಹಮಾಲಿ ಬೇರೆ, ಗಿರಾಕಿಯ ಹತ್ತಿರ ಮಾತಾಡುವವನು ಬೇರೆ. ಗುಮಾಸ್ತ ಮೂಟೆ ಹೊರಲಿಲ್ಲ ಅಂತ ಯಜಮಾನ ಬೈಯುವುದಿಲ್ಲ. ಲೆಕ್ಕ ತಪ್ಪಿದರೆ ಬೈಯುತ್ತಾನೆ. ಅವರವರ ಕೆಲಸಕ್ಕೆ ಅವರವರ ತಕ್ಕಡಿ. ಹಗಲು ಅಂಗಡಿಯಲ್ಲಿ ಇಷ್ಟು ನ್ಯಾಯವಾಗಿ ತೂಗುವವರು ರಾತ್ರಿ ಟಿವಿ ಮುಂದೆ ತಕ್ಕಡಿ ಎಸೆದು ಕೋಲು ಹಿಡಿಯುವುದು ಯಾವ ನ್ಯಾಯ?

ಅಭಿಮಾನಿಗೂ ಒಂದು ಕೆಲಸ

ತಂಡದಲ್ಲಿ ಹನ್ನೊಂದು ಮಂದಿಗೂ ಒಂದೊಂದು ಕೆಲಸ ಇದ್ದ ಹಾಗೆ ಅಭಿಮಾನಿಗೂ ಒಂದು ಕೆಲಸ ಇದೆ. ಕೂಗಬೇಕು, ಕುಣಿಯಬೇಕು, ತಪ್ಪು ಕಂಡರೆ ಕೇಳಬೇಕು. ಆದರೆ ಗೆದ್ದೆತ್ತಿನ ಬಾಲ ಹಿಡಿದು, ಸೋತ ದಿನ ಅದೇ ಎತ್ತಿಗೆ ಕಲ್ಲು ಹೊಡೆಯುವುದು ಅಭಿಮಾನವಲ್ಲ. ಅಭಿಮಾನ ಹದ್ದು ಮೀರಿದರೆ ಏನಾಗುತ್ತದೆ ಎಂದು ಹೇಳಲು ದೂರ ಹೋಗಬೇಕಿಲ್ಲ. ಕಪ್ ಗೆದ್ದ ಮರುದಿನ, 2025ರ ಜೂನ್ 4ರಂದು ಚಿನ್ನಸ್ವಾಮಿಯ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹದಿನೆಂಟು ವರ್ಷ ಕಾದ ಸಂಭ್ರಮ ಒಂದು ಸಂಜೆಯೂ ಬಾಳಲಿಲ್ಲ. ವ್ಯವಸ್ಥೆ ಮಾಡಬೇಕಾದವರು ತಮ್ಮ ಕೆಲಸ ಮಾಡಲಿಲ್ಲ ಅನ್ನುವುದು ಮೊದಲ ಮಾತು. ಆದರೆ 'ನಾನೂ ಅಲ್ಲಿರಲೇಬೇಕು, ಮುಂದೆಯೇ ಇರಬೇಕು' ಎಂಬ ಹಠವೂ ಅಲ್ಲಿ ಸೇರಿತ್ತು. ಮೈದಾನದ ಒಳಗಾಗಲಿ ಹೊರಗಾಗಲಿ, ಎಲ್ಲರೂ ಒಂದೇ ಕಡೆ ನುಗ್ಗಿದರೆ ಉಳಿಯುವುದು ಏನೂ ಇಲ್ಲ.

ಮುಂದಿನ ಐಪಿಎಲ್ ಬಂದಾಗ ಬಸ್ಸಿನಲ್ಲಿ ಮತ್ತೆ ಪಂಚಾಯಿತಿ ಸೇರುತ್ತದೆ. ಸೇರಲಿ. ಚರ್ಚೆ ಇಲ್ಲದ ಬಸ್ಸು ಶವದ ಗಾಡಿ. ಆದರೆ ಬಾಯಿ ಬಿಡುವ ಮೊದಲು ಆ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಚೆಂಡು ಎಷ್ಟು ಬಾಕಿ? ವಿಕೆಟ್ ಎಷ್ಟು ಬಾಕಿ? ಹಿಂದೆ ಕೂತವರು ಯಾರು?

ಮೂರಕ್ಕೂ ಉತ್ತರ ಗೊತ್ತಿದ್ದವರು ಧಾರಾಳವಾಗಿ ಬೈಯಲಿ. ಗೊತ್ತಿಲ್ಲದವರು ಕಿಟಕಿ ಪಕ್ಕ ಜಾಗ ಹಿಡಿದು, ಯಶವಂತಪುರದ ತನಕ ನಿದ್ದೆ ಮಾಡಲಿ. ಅಲ್ಲಿಂದ ಮುಂದೆ ಡ್ರೈವರ್ ಹೇಗೂ ಎರಡನೇ ಗೇರಿನಲ್ಲೇ ಹೋಗುತ್ತಾನೆ.